ಸೇನಾ ಅಧಿಕಾರಿಗಳ ಅನುಭವದ ಅರಿವನ್ನು ಅಳೆಯುವುದು ಹೇಗೆ? ಒಂದು ಸಮಗ್ರ ಮಾರ್ಗದರ್ಶಿ

ಹೊಸ ಲೆಫ್ಟಿನೆಂಟ್ ಒಬ್ಬರು ಪ್ಲಟೂನ್ (ಸೈನಿಕರ ಸಣ್ಣ ತುಕಡಿ) ವಹಿಸಿಕೊಂಡು ಎರಡು ವಾರ ಆಗಿದೆ. ಪ್ಲಟೂನ್ ಸಾರ್ಜೆಂಟ್‌ಗೆ 15 ವರ್ಷದ ಸೇವೆ. ಅಭ್ಯಾಸದ ನಡುವೆ ಲೆಫ್ಟಿನೆಂಟ್ ಒಂದು ಆದೇಶ ಕೊಡುತ್ತಾರೆ. ಸಾರ್ಜೆಂಟ್ ಎಲ್ಲರ ಎದುರೇ ಅದನ್ನು ತಿದ್ದಿ, "ಆ ದಾರಿ ಬೇಡ, ಈ ಕಡೆಯಿಂದ ಹೋಗಿ" ಅನ್ನುತ್ತಾರೆ. ತಿದ್ದಿದ್ದು ಸರಿಯಾಗಿಯೇ ಇತ್ತು. ಆದರೆ ಸೈನಿಕರು ಈಗ ಒಮ್ಮೆ ಸಾರ್ಜೆಂಟ್ ಮುಖ ನೋಡುತ್ತಾರೆ, ಒಮ್ಮೆ ಲೆಫ್ಟಿನೆಂಟ್ ಮುಖ ನೋಡುತ್ತಾರೆ. ಮುಂದೆ ಏನು ಮಾಡಬೇಕು?

ಆದೇಶ ಕೊಡುವ ಕ್ರಮ ಕೈಪಿಡಿಯಲ್ಲಿದೆ. ಶಿಸ್ತಿನ ನಿಯಮವೂ ಇದೆ. ಈ ಪ್ರಶ್ನೆಗೆ ಉತ್ತರ ಮಾತ್ರ ಅಲ್ಲಿಲ್ಲ. ಪಳಗಿದ ಅಧಿಕಾರಿಗೆ ಅದು ಗೊತ್ತಿರುತ್ತದೆ, ಆದರೆ ಹೇಗೆ ಗೊತ್ತಾಯಿತು ಅಂತ ಕೇಳಿದರೆ ಅವರೂ ಸ್ವಲ್ಪ ತಡವರಿಸುತ್ತಾರೆ. ಈ ಅರಿವನ್ನು ಅಳೆಯಬಹುದು. ಲಿಖಿತ ಪರೀಕ್ಷೆಯ ಅಂಕ, ಸೇವೆಯ ವರ್ಷ, ಸಂದರ್ಶನದ ಮಾತುಗಾರಿಕೆ, ಈ ಮೂರೂ ತೋರಿಸದ ಒಂದು ಸಂಗತಿ ಇದರಿಂದ ಕಾಣುತ್ತದೆ. ತರಬೇತಿ, ಆಯ್ಕೆ, ಸಂಶೋಧನೆ ಇಂಥ ಕೆಲಸದಲ್ಲಿರುವವರಿಗಾಗಿ ಆ ದಾರಿಯನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ.

ಅಳೆಯುವುದು ಯಾವುದನ್ನು?

ಈ ಅರಿವಿಗೆ ಮೂರು ಗುರುತುಗಳಿವೆ. ಒಂದು, ಅದನ್ನು ಯಾರೂ ಕೂರಿಸಿ ಕಲಿಸಿರುವುದಿಲ್ಲ. ಕೆಲಸ ಮಾಡುತ್ತಾ, ತಪ್ಪುತ್ತಾ, ಬೇರೆಯವರನ್ನು ನೋಡುತ್ತಾ ದಕ್ಕಿರುತ್ತದೆ. ಎರಡು, ಅದು ಮಾಹಿತಿ ಅಲ್ಲ, ಮಾಡುವ ರೀತಿ. "ಇಂಥ ಪರಿಸ್ಥಿತಿ ಬಂದರೆ ಹೀಗೆ ಮಾಡು" ಅನ್ನುವ ರೂಪದಲ್ಲಿರುತ್ತದೆ. ಮೂರು, ಅದು ಆ ವ್ಯಕ್ತಿಯ ಕೆಲಸಕ್ಕೆ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ಇದನ್ನು ಸೇನೆಯಲ್ಲಿ ಅಳೆಯಲು ನಡೆದ ದೊಡ್ಡ ಪ್ರಯತ್ನ ಅಮೆರಿಕದ್ದು. 1990ರ ದಶಕದಲ್ಲಿ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞ ರಾಬರ್ಟ್ ಸ್ಟರ್ನ್‌ಬರ್ಗ್ ಅವರ ತಂಡ ಈ ಕೆಲಸ ಮಾಡಿತು. ವೆಸ್ಟ್ ಪಾಯಿಂಟ್‌ನ ಸೇನಾ ಅಕಾಡೆಮಿ ಮತ್ತು ಅಮೆರಿಕದ ಸೇನೆಯ ಸಂಶೋಧನಾ ಸಂಸ್ಥೆ ಜೊತೆಗಿದ್ದವು. ಅವರ ಕ್ರಮವನ್ನೇ ಈ ಮಾರ್ಗದರ್ಶಿಯ ಬೆನ್ನೆಲುಬಾಗಿ ಇಟ್ಟುಕೊಂಡಿದ್ದೇನೆ. ಅವರು ಎಡವಿದ ಕಡೆ, ಆಮೇಲೆ ಬೇರೆಯವರು ತಿದ್ದಿದ ಕಡೆ, ಅದನ್ನೂ ಸೇರಿಸಿದ್ದೇನೆ.

ಹಂತ 1: ಒಂದು ಮಟ್ಟ ಆರಿಸಿಕೊಳ್ಳಿ

"ಸೇನಾ ನಾಯಕತ್ವ" ಅಂತ ಒಟ್ಟಾರೆ ಅಳೆಯಲು ಹೊರಟರೆ ಕೈಗೆ ಏನೂ ಸಿಗುವುದಿಲ್ಲ. ಕೆಲವು ಪ್ಲಟೂನ್ ಸೇರಿದರೆ ಕಂಪನಿ, ಕೆಲವು ಕಂಪನಿ ಸೇರಿದರೆ ಬೆಟಾಲಿಯನ್. ಒಂದೊಂದಕ್ಕೂ ಬೇರೆ ಬೇರೆ ಪರೀಕ್ಷೆ ಬೇಕು.

ಅಮೆರಿಕದ ತಂಡಕ್ಕೆ ಕಂಡದ್ದೂ ಇದೇ. ಪ್ಲಟೂನ್ ಮಟ್ಟದಲ್ಲಿ ಅಧಿಕಾರಿಗಳು ಹೇಳಿಕೊಂಡದ್ದು ಜಾಸ್ತಿ ತಮ್ಮ ಮಾತಿಗೆ ತೂಕ ಬರಿಸಿಕೊಳ್ಳುವುದರ ಬಗ್ಗೆ. ವಯಸ್ಸಿನಲ್ಲಿ, ಅನುಭವದಲ್ಲಿ ದೊಡ್ಡವರಾದ ಕೈಕೆಳಗಿನವರ ಮುಂದೆ ನಿಲ್ಲುವುದು ಹೇಗೆ ಅನ್ನುವುದೇ ಅವರ ಚಿಂತೆ. ಕಂಪನಿ ಮಟ್ಟದಲ್ಲಿ ಗುರಿ ಮುಟ್ಟುವುದು ಮತ್ತು ಸೈನಿಕರ ಹಿತ ಕಾಯುವುದು, ಈ ಎರಡರ ನಡುವಿನ ಜಗ್ಗಾಟ ಮುಖ್ಯವಾಗಿತ್ತು. ಬೆಟಾಲಿಯನ್ ಕಮಾಂಡರ್‌ಗಳು ಮಾತಾಡಿದ್ದು ಇಡೀ ಘಟಕವನ್ನು ಕಾಪಾಡುವುದು, ಬದಲಾವಣೆ ತರುವುದು ಇಂಥ ವಿಷಯಗಳನ್ನು. ಪ್ಲಟೂನಿನಲ್ಲಿ ಜಾಣತನ ಅನ್ನಿಸಿದ್ದು ಬೆಟಾಲಿಯನ್‌ನಲ್ಲಿ ಸಣ್ಣತನ ಆಗಬಹುದು. ಕಮಾಂಡರ್ ತಾನೇ ಹೋಗಿ ಒಬ್ಬೊಬ್ಬ ಸೈನಿಕನ ಬೂಟು ನೋಡುವುದು ಪ್ಲಟೂನಿಗೆ ಸರಿ. ಬೆಟಾಲಿಯನ್ ಕಮಾಂಡರ್ ಅದನ್ನೇ ದಿನವೂ ಮಾಡಿದರೆ ನಡುವೆ ಇರುವ ಅಧಿಕಾರಿಗಳು ಏನು ಮಾಡಬೇಕು?

ಮೊದಲ ಸಲ ಮಾಡುವವರು ಒಂದೇ ಮಟ್ಟ ಹಿಡಿದುಕೊಳ್ಳಿ. ಪ್ಲಟೂನ್ ಆದರೆ ಒಳ್ಳೆಯದು. ಅಧಿಕಾರಿಗಳ ಸಂಖ್ಯೆ ಅಲ್ಲೇ ಹೆಚ್ಚು, ಹಾಗಾಗಿ ಮುಂದೆ ಲೆಕ್ಕ ಮಾಡುವಾಗ ಅನುಕೂಲ.

ಹಂತ 2: ಕಥೆ ಕೇಳಿ

ಇಡೀ ಕೆಲಸ ನಿಂತಿರುವುದು ಈ ಹಂತದ ಮೇಲೆ. ಇಲ್ಲಿ ಅವಸರ ಮಾಡಿದರೆ ಮುಂದೆ ಎಷ್ಟೇ ಚೆಂದದ ಲೆಕ್ಕ ಹಾಕಿದರೂ ಪ್ರಯೋಜನವಿಲ್ಲ.

"ಒಳ್ಳೆಯ ನಾಯಕನ ಗುಣಗಳೇನು?" ಅಂತ ಎಂದೂ ಕೇಳಬೇಡಿ. ಕೇಳಿದರೆ ಬರುವ ಉತ್ತರ ಗೊತ್ತಲ್ವಾ? ಪ್ರಾಮಾಣಿಕತೆ, ಧೈರ್ಯ, ಮಾದರಿಯಾಗಿರುವುದು. ಎಲ್ಲವೂ ನಿಜ, ಎಲ್ಲವೂ ಅಕಾಡೆಮಿಯ ಗೋಡೆಯ ಮೇಲೆ ಬರೆದಿರುವುದೇ. ಅದರ ಬದಲು ಹೀಗೆ ಕೇಳಿ: "ಈ ಹುದ್ದೆಯಲ್ಲಿದ್ದಾಗ ನಾಯಕತ್ವದ ಬಗ್ಗೆ ನಿಮಗೆ ಏನೋ ಒಂದು ಪಾಠ ಕಲಿಸಿದ ಘಟನೆ ಹೇಳಿ. ಪುಸ್ತಕದಲ್ಲಿ ಓದಿದ್ದು ಬೇಡ, ತರಗತಿಯಲ್ಲಿ ಕೇಳಿದ್ದೂ ಬೇಡ." ಅಮೆರಿಕದ ತಂಡ ಮೂರೂ ಮಟ್ಟದ 81 ಅಧಿಕಾರಿಗಳನ್ನು ಹೀಗೆಯೇ ಮಾತಾಡಿಸಿತು.

ನಿರ್ದಿಷ್ಟ ಘಟನೆ ಹಿಡಿದು ಕೇಳುವ ಈ ಪದ್ಧತಿಗೆ ಸೇನೆಯಲ್ಲೇ ಬೇರು ಇದೆ. ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ವಾಯುಪಡೆಗೆ ಕೆಲಸ ಮಾಡಿದ ಮನಶ್ಶಾಸ್ತ್ರಜ್ಞ ಜಾನ್ ಫ್ಲ್ಯಾನಗನ್ ಅದನ್ನು ಬೆಳೆಸಿ, 1954ರಲ್ಲಿ ವಿವರವಾಗಿ ಬರೆದರು. ಮುಂದೆ ಇನ್ನೊಬ್ಬ ಮನಶ್ಶಾಸ್ತ್ರಜ್ಞ ಗ್ಯಾರಿ ಕ್ಲೈನ್ ಅಗ್ನಿಶಾಮಕ ದಳದ ಮುಖ್ಯಸ್ಥರ ಜೊತೆ ಕೂತು, ಒಂದೇ ಘಟನೆಯನ್ನು ಮತ್ತೆ ಮತ್ತೆ ಕೆದಕುವ ವಿಧಾನ ಕಟ್ಟಿದರು. ಅದು ಇಲ್ಲೂ ತುಂಬಾ ಕೆಲಸಕ್ಕೆ ಬರುತ್ತದೆ. ಮೊದಲ ಸುತ್ತು, ಸುಮ್ನೆ ಕಥೆ ಕೇಳಿ, ನಡುವೆ ಬಾಯಿ ಹಾಕಬೇಡಿ. ಎರಡನೇ ಸುತ್ತು, ಯಾವುದು ಮೊದಲು, ಯಾವುದು ಆಮೇಲೆ ಅನ್ನುವುದನ್ನು ಸರಿಪಡಿಸಿಕೊಳ್ಳಿ. ಮೂರನೇ ಸುತ್ತಿನಲ್ಲಿ ಕೆದಕಿ:

- ಆ ಗಳಿಗೆಯಲ್ಲಿ ನಿಮ್ಮ ಕಣ್ಣಿಗೆ ಏನು ಬಿತ್ತು? ಬೇರೆಯವರಿಗೆ ಕಾಣದ್ದು ಏನಾದರೂ ಇತ್ತಾ?
- ಬೇರೆ ಯಾವ ದಾರಿ ಮನಸ್ಸಿಗೆ ಬಂತು? ಅದನ್ನು ಯಾಕೆ ಬಿಟ್ಟಿರಿ?
- ಮೊದಲ ವರ್ಷದ ಅಧಿಕಾರಿ ನಿಮ್ಮ ಜಾಗದಲ್ಲಿದ್ದರೆ ಎಲ್ಲಿ ತಪ್ಪುತ್ತಿದ್ದರು?
- ಯಾವ ಒಂದು ಸಂಗತಿ ಬೇರೆ ಇದ್ದಿದ್ದರೆ ನೀವು ಹೀಗೆ ಮಾಡುತ್ತಿರಲಿಲ್ಲ?

ಕೊನೆಯ ಪ್ರಶ್ನೆ ನನ್ನ ಮಟ್ಟಿಗೆ ಚಿನ್ನ. ನಿರ್ಧಾರದ ಗಡಿ ಎಲ್ಲಿದೆ ಅನ್ನುವುದು ಅದರಲ್ಲೇ ಹೊರಬರುತ್ತದೆ.

ಒಂದು ಎಚ್ಚರಿಕೆ. ಗೆದ್ದ ಕಥೆಗಳು ಬೇಗ ಬರುತ್ತವೆ, ಸೋತವು ಬರುವುದಿಲ್ಲ. ಹೇಳಿದ ಮಾತು ಮೇಲಧಿಕಾರಿಯ ಕಿವಿಗೆ ಬೀಳುತ್ತದೆ ಅನ್ನುವ ಭಯವಿದ್ದರಂತೂ ಬರುವುದೇ ಇಲ್ಲ. ಸಂದರ್ಶಕರು ಆ ಅಧಿಕಾರಿಯ ಆಜ್ಞಾ ಸರಣಿಯ ಹೊರಗಿನವರಾಗಿರಲಿ. ಹೆಸರು, ಘಟಕ, ಜಾಗ ಏನನ್ನೂ ಬರೆದುಕೊಳ್ಳಬೇಡಿ. ಇದನ್ನು ಮೊದಲೇ ಹೇಳಿ, ಹೇಳಿದಂತೆ ನಡೆದುಕೊಳ್ಳಿ.

ಹಂತ 3: ಕಥೆಯಿಂದ ಸೂತ್ರ ತೆಗೆಯಿರಿ

ಈಗ ಪ್ರತಿ ಕಥೆಯನ್ನೂ ಮೂರು ಭಾಗದ ಸೂತ್ರಕ್ಕೆ ಇಳಿಸಬೇಕು. *ಹೀಗಿದ್ದರೆ, ಹೀಗೆ ಮಾಡು, ಏಕೆಂದರೆ.* ಮೇಲಿನ ಸಾರ್ಜೆಂಟ್ ಕಥೆಯಿಂದ ಇಂಥ ಸೂತ್ರ ಬರಬಹುದು:

*ನೀನು ಹೊಸಬನಾಗಿದ್ದು, ಅನುಭವಿ ಸಾರ್ಜೆಂಟ್ ಎಲ್ಲರ ಎದುರು ನಿನ್ನ ಆದೇಶ ತಿದ್ದಿದರೆ, ಮತ್ತು ಆ ತಿದ್ದುಪಡಿ ಸರಿಯಾಗಿದ್ದರೆ, ಅಲ್ಲಿ ವಾದಕ್ಕೆ ಇಳಿಯಬೇಡ. ಅದೇ ದಿನ ಒಬ್ಬರೇ ಸಿಕ್ಕಾಗ ಮಾತಾಡು. ಏಕೆಂದರೆ ಸೈನಿಕರ ಎದುರು ಗೆದ್ದರೂ ಸಾರ್ಜೆಂಟ್‌ರನ್ನು ಕಳೆದುಕೊಳ್ಳುತ್ತೀಯ. ಸುಮ್ಮನಿದ್ದರೆ ಇದೇ ರೂಢಿಯಾಗುತ್ತದೆ.*

"ಏಕೆಂದರೆ" ಭಾಗವನ್ನು ಬಿಡಲೇಬೇಡಿ. ಇಬ್ಬರು ಅಧಿಕಾರಿಗಳು ಒಂದೇ ಕೆಲಸ ಮಾಡಿ, ಬೇರೆ ಬೇರೆ ಕಾರಣ ಹೇಳುವುದು ಮಾಮೂಲು. ಒಬ್ಬರು ಸಾರ್ಜೆಂಟ್‌ರ ಮರ್ಯಾದೆ ಕಾಯಲು ಒಳಗೆ ಕರೆದು ಮಾತಾಡುತ್ತಾರೆ. ಇನ್ನೊಬ್ಬರು ಜಗಳಕ್ಕೆ ಹೆದರಿ ಒಳಗೆ ಕರೆಯುತ್ತಾರೆ. ಪರಿಸ್ಥಿತಿ ಸ್ವಲ್ಪ ಬದಲಾದರೂ, ಉದಾಹರಣೆಗೆ ಸಾರ್ಜೆಂಟ್‌ರ ತಿದ್ದುಪಡಿಯಿಂದ ಯಾರಿಗೋ ಪೆಟ್ಟಾಗುವ ಹಾಗಿದ್ದರೆ, ಮೊದಲನೆಯವರು ಅಲ್ಲೇ ತಡೆಯುತ್ತಾರೆ. ಎರಡನೆಯವರು ಆಗಲೂ ಸುಮ್ಮನಿರುತ್ತಾರೆ.

ಸೂತ್ರ ತೆಗೆಯುವ ಕೆಲಸವನ್ನು ಕನಿಷ್ಠ ಇಬ್ಬರು ಬೇರೆ ಬೇರೆಯಾಗಿ ಮಾಡಲಿ. ಆಮೇಲೆ ಹೋಲಿಸಿ ನೋಡಲಿ. ಇಬ್ಬರಿಗೂ ಒಂದೇ ಕಥೆಯಲ್ಲಿ ಬೇರೆ ಪಾಠ ಕಂಡರೆ, ಮತ್ತೆ ಮೂಲ ಮಾತಿಗೆ ಹೋಗಿ.

ಹಂತ 4: ಜಳ್ಳು ತೂರಿ

ನೂರಾರು ಸೂತ್ರ ಸೇರುತ್ತವೆ. ಮೂರು ಸಲ ತೂರಿ.

ಮೊದಲು, ಕೈಪಿಡಿಯಲ್ಲಿ ಇರುವುದನ್ನೆಲ್ಲ ತೆಗೆದುಹಾಕಿ. ತರಬೇತಿ ಕೊಡುವ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡರೆ ಇದು ಬೇಗ ಮುಗಿಯುತ್ತದೆ. ಎರಡನೆಯದಾಗಿ, ಉಳಿದವನ್ನು ಹೊಸ ಅಧಿಕಾರಿಗಳಿಗೂ ಅನುಭವಿಗಳಿಗೂ ಕೊಟ್ಟು, ಈ ಸಲಹೆ ಎಷ್ಟು ಒಳ್ಳೆಯದು ಅಂತ ಕೇಳಿ. ಇಬ್ಬರೂ ಒಂದೇ ರೀತಿ ಉತ್ತರಿಸುವ ಸೂತ್ರ ಪರೀಕ್ಷೆಗೆ ಬೇಡ. ಅದು ಸುಳ್ಳು ಅಂತಲ್ಲ, ಅದರಿಂದ ಯಾರನ್ನೂ ಬೇರ್ಪಡಿಸಲು ಆಗುವುದಿಲ್ಲ, ಅಷ್ಟೇ. ಮೂರನೆಯದು ನೈತಿಕ ತೂರಾಟ. ಅನುಭವದಿಂದ ಕಲಿತದ್ದೆಲ್ಲ ಒಳ್ಳೆಯದಲ್ಲ. ತಪಾಸಣೆಗೆ ಮುಂಚೆ ಕೆಟ್ಟ ವಾಹನವನ್ನು ಎಲ್ಲಿ ಬಚ್ಚಿಡಬೇಕು ಅನ್ನುವುದೂ ಅನುಭವವೇ. ಅಂಥದ್ದು "ಜಾಣತನ" ಅಂತ ಪರೀಕ್ಷೆಯಲ್ಲಿ ನುಸುಳಿದರೆ, ನೀವು ಇಡೀ ಒಂದು ತಲೆಮಾರಿಗೆ ಅದನ್ನೇ ಕಲಿಸಿದ ಹಾಗೆ.

ಉಳಿದ ಸೂತ್ರಗಳನ್ನು ಅನುಭವಿಗಳಿಗೆ ಚೀಟಿಗಳಲ್ಲಿ ಕೊಟ್ಟು, ಒಂದೇ ಜಾತಿಯವನ್ನು ಒಟ್ಟಿಗೆ ಇಡಲು ಹೇಳಿ. ಗುಂಪುಗಳು ತಾವಾಗಿ ಮೂಡುತ್ತವೆ: ಅಧಿಕಾರ ಸ್ಥಾಪಿಸುವುದು, ಹುರಿದುಂಬಿಸುವುದು, ಮೇಲಧಿಕಾರಿಯನ್ನು ಒಪ್ಪಿಸುವುದು, ತನ್ನನ್ನು ತಾನು ಸಂಭಾಳಿಸಿಕೊಳ್ಳುವುದು, ಹೀಗೆ. ಪ್ರತಿ ಗುಂಪಿನಿಂದಲೂ ಪ್ರಶ್ನೆ ಬರುವಂತೆ ನೋಡಿಕೊಳ್ಳಿ.

ಹಂತ 5: ಸನ್ನಿವೇಶ ಬರೆಯಿರಿ

ಒಂದು ಸನ್ನಿವೇಶ ಅರ್ಧ ಪುಟಕ್ಕಿಂತ ಉದ್ದ ಬೇಡ. ಅದರ ಕೆಳಗೆ ಮಾಡಬಹುದಾದ ಕೆಲವು ಕೆಲಸಗಳು. ಒಂದನ್ನು ಆರಿಸಿ ಅಂತ ಕೇಳಬೇಡಿ. ಪ್ರತಿಯೊಂದಕ್ಕೂ 1ರಿಂದ 9ರವರೆಗೆ ಅಂಕ ಕೊಡಲು ಹೇಳಿ. 1 ಅಂದರೆ ತೀರಾ ಕೆಟ್ಟದ್ದು, 9 ಅಂದರೆ ತೀರಾ ಒಳ್ಳೆಯದು. ಅಮೆರಿಕದ ಪರೀಕ್ಷೆಯಲ್ಲೂ ಇದೇ ಅಳತೆ ಇತ್ತು. ನಿಜ ಜೀವನದಲ್ಲಿ ಒಂದೇ ಸರಿ ಉತ್ತರ ಇರುವುದು ಅಪರೂಪ. ಎರಡು ಒಳ್ಳೆಯ ದಾರಿಗಳಲ್ಲಿ ಯಾವುದು ಸ್ವಲ್ಪ ಮೇಲು, ಎರಡು ಕೆಟ್ಟ ದಾರಿಗಳಲ್ಲಿ ಯಾವುದು ಹೆಚ್ಚು ಅಪಾಯ, ಈ ತೂಗುವಿಕೆಯಲ್ಲೇ ಅನುಭವ ಕಾಣುತ್ತದೆ.

ನಮ್ಮ ಸಾರ್ಜೆಂಟ್ ಸನ್ನಿವೇಶದ ಆಯ್ಕೆಗಳು ಹೀಗಿರಲಿ:

ಅ) ಅದೇ ಸಂಜೆ ಸಾರ್ಜೆಂಟ್‌ರನ್ನು ಒಬ್ಬರೇ ಕರೆದು, ತಿದ್ದಿದ್ದು ಸರಿ ಇತ್ತು ಅಂತ ಒಪ್ಪಿ, ಮುಂದೆ ಮೊದಲು ನನಗೆ ಹೇಳಿ ಅನ್ನುವುದು.
ಆ) ಅಲ್ಲೇ ಎಲ್ಲರ ಎದುರು, ಆದೇಶ ಕೊಡುವವನು ನಾನು ಅಂತ ಖಡಾಖಂಡಿತ ಹೇಳುವುದು.
ಇ) ಕಂಪನಿ ಕಮಾಂಡರ್‌ಗೆ ತಿಳಿಸಿ, ಅವರೇ ಸಾರ್ಜೆಂಟ್ ಜೊತೆ ಮಾತಾಡಲಿ ಅಂತ ಬಿಡುವುದು.
ಈ) ಈ ಸಲ ಏನೂ ಹೇಳದೆ, ಮತ್ತೆ ಹೀಗಾಗುತ್ತದಾ ಅಂತ ಕಾದು ನೋಡುವುದು.
ಉ) ಮುಂದಿನ ಅಭ್ಯಾಸದ ಯೋಜನೆ ಹಾಕುವಾಗಲೇ ಸಾರ್ಜೆಂಟ್‌ರನ್ನು ಜೊತೆಗೆ ಕೂರಿಸಿಕೊಳ್ಳುವುದು.

ಬರೆಯುವಾಗ ಎರಡು ಸಂಗತಿ ಗಮನದಲ್ಲಿರಲಿ. ನಗು ಬರುವಷ್ಟು ದಡ್ಡ ಆಯ್ಕೆ ಬೇಡ. ಪ್ರತಿ ಆಯ್ಕೆಯೂ ಯಾರೋ ಒಬ್ಬ ಪ್ರಾಮಾಣಿಕ ಅಧಿಕಾರಿ ನಿಜಕ್ಕೂ ಮಾಡಿದ್ದಾಗಿರಲಿ. ಸಂದರ್ಶನದ ಸೋತ ಕಥೆಗಳು ಇಲ್ಲಿ ಕೈಹಿಡಿಯುತ್ತವೆ. ಇನ್ನೊಂದು, "ನೀವು ಏನು ಮಾಡುತ್ತೀರಿ?" ಅಂತ ಕೇಳುವ ಬದಲು "ಇದು ಎಷ್ಟು ಒಳ್ಳೆಯ ಕ್ರಮ?" ಅಂತ ಕೇಳಿ. ಮೊದಲನೆಯದಕ್ಕೆ ಜನ ತಮ್ಮನ್ನು ಚೆನ್ನಾಗಿ ತೋರಿಸಿಕೊಳ್ಳಲು ಉತ್ತರ ತಿರುಚುತ್ತಾರೆ. ಎರಡನೆಯದು ಅರಿವನ್ನೇ ಕೇಳುತ್ತದೆ. ಆದರೆ ಗೊತ್ತಿರುವುದು ಬೇರೆ, ಮಾಡುವುದು ಬೇರೆ. ಈ ಪರೀಕ್ಷೆ ಅಳೆಯುವುದು ಗೊತ್ತಿರುವುದನ್ನು ಮಾತ್ರ. ವರದಿಯಲ್ಲಿ ಅದನ್ನು ದೊಡ್ಡ ಅಕ್ಷರದಲ್ಲಿ ಬರೆಯಿರಿ.

ಹಂತ 6: ಪರಿಣತರಿಂದ ಮಾನದಂಡ

ಸರಿ ಉತ್ತರ ಯಾರು ಹೇಳಬೇಕು? ಪರಿಣತರು. ಆದರೆ ಬಡ್ತಿ ಸಿಕ್ಕವರೆಲ್ಲ ಪರಿಣತರಲ್ಲ. ಆ ಮಟ್ಟದಲ್ಲಿ ಕೆಲಸ ಮಾಡಿ, ಮೇಲಿನವರು, ಜೊತೆಯವರು, ಕೈಕೆಳಗಿನವರು ಮೂವರೂ ಒಳ್ಳೆಯ ನಾಯಕ ಅಂತ ಒಪ್ಪಿದವರನ್ನು ಹುಡುಕಿ. ಬೇರೆ ಬೇರೆ ದಳದವರಿರಲಿ. ಪದಾತಿ ದಳದವರ ಗುಂಪು ಮಾತ್ರ ಇದ್ದರೆ, ಸರಬರಾಜು ದಳದ ಅಧಿಕಾರಿಗೆ ಅನ್ಯಾಯವಾಗುತ್ತದೆ.

ಅವರೆಲ್ಲ ಒಬ್ಬೊಬ್ಬರಾಗಿ, ಚರ್ಚೆ ಮಾಡದೆ ಅಂಕ ಕೊಡಲಿ. ಸರಾಸರಿ ತೆಗೆಯುವ ಮುಂಚೆ ಅಂಕಗಳು ಹೇಗೆ ಹರಡಿವೆ ಅಂತ ನೋಡಿ. ಅರ್ಧ ಜನ 8, ಅರ್ಧ ಜನ 2 ಕೊಟ್ಟಿದ್ದರೆ ಸರಾಸರಿ 5 ಬರುತ್ತದೆ. ಆದರೆ 5 ಅಂತ ಒಬ್ಬರೂ ಹೇಳಿಲ್ಲ! ಅಂಥ ಆಯ್ಕೆಯನ್ನು ಅಂಕದಿಂದ ಬಿಡಿ. ತರಗತಿಯ ಚರ್ಚೆಗೆ ಮಾತ್ರ ಎತ್ತಿಡಿ, ಅಲ್ಲಿ ಅದಕ್ಕಿಂತ ಒಳ್ಳೆಯ ಸಾಮಗ್ರಿ ಸಿಗುವುದಿಲ್ಲ.

ಹಂತ 7: ಅಂಕ ಹಾಕುವುದು

ಇಲ್ಲಿ ತುಂಬಾ ಜನ ಎಡವುತ್ತಾರೆ, ಹಾಗಾಗಿ ಲೆಕ್ಕವನ್ನೇ ಮಾಡಿ ತೋರಿಸುತ್ತೇನೆ.

ಐದು ಆಯ್ಕೆಗೆ ಪರಿಣತರ ಸರಾಸರಿ ಹೀಗಿದೆ ಅಂದುಕೊಳ್ಳಿ: 8, 2, 3, 4, 8. ಎಲ್ಲರೂ ಬಳಸುವ ವಿಧಾನ ಅಂದರೆ ಪ್ರತಿ ಆಯ್ಕೆಯಲ್ಲೂ ಅಧಿಕಾರಿಯ ಅಂಕಕ್ಕೂ ಪರಿಣತರ ಅಂಕಕ್ಕೂ ಇರುವ ವ್ಯತ್ಯಾಸ ತೆಗೆದು, ವರ್ಗ ಮಾಡಿ, ಕೂಡುವುದು. ಮೊತ್ತ ಕಡಿಮೆಯಿದ್ದಷ್ಟೂ ಅಧಿಕಾರಿ ಪರಿಣತರಿಗೆ ಹತ್ತಿರ.

ಮೊದಲ ಅಧಿಕಾರಿ ಕೊಟ್ಟದ್ದು 9, 6, 6, 7, 9. ವ್ಯತ್ಯಾಸ 1, 4, 3, 3, 1. ವರ್ಗಗಳ ಮೊತ್ತ 1+16+9+9+1 = 36.

ಎರಡನೇ ಅಧಿಕಾರಿ ಯೋಚನೆಯನ್ನೇ ಮಾಡದೆ ಎಲ್ಲದಕ್ಕೂ 5 ಹಾಕಿದ್ದಾರೆ. ವ್ಯತ್ಯಾಸ 3, 3, 2, 1, 3. ಮೊತ್ತ 9+9+4+1+9 = 32.

ನೋಡಿದಿರಾ? ಏನನ್ನೂ ತೂಗದ ಅಧಿಕಾರಿ ಗೆದ್ದುಬಿಟ್ಟರು. ಮೊದಲನೆಯವರು ಯಾವುದು ಒಳ್ಳೆಯದು, ಯಾವುದು ಕೆಟ್ಟದ್ದು ಅನ್ನುವುದನ್ನು ಹೆಚ್ಚು ಕಡಿಮೆ ಪರಿಣತರ ಕ್ರಮದಲ್ಲೇ ಇಟ್ಟಿದ್ದಾರೆ. ಅವರ ಅಂಕಗಳಿಗೂ ಪರಿಣತರ ಅಂಕಗಳಿಗೂ ಇರುವ ಸಹಸಂಬಂಧ (ಎರಡು ಸಾಲುಗಳು ಎಷ್ಟು ಒಟ್ಟಿಗೆ ಏರಿಳಿಯುತ್ತವೆ ಅನ್ನುವ ಅಳತೆ, 1 ಅಂದರೆ ಪೂರ್ತಿ ತಾಳೆ) ಸುಮಾರು 0.99. ಅವರ "ತಪ್ಪು" ಅಂದರೆ ಧಾರಾಳ ಕೈ, ಎಲ್ಲಕ್ಕೂ ಸ್ವಲ್ಪ ಜಾಸ್ತಿ ಅಂಕ ಕೊಟ್ಟದ್ದು.

ಈ ತೊಡಕನ್ನು ಮನಶ್ಶಾಸ್ತ್ರಜ್ಞರಾದ ಲೀ ಕ್ರೋನ್‌ಬಾಕ್ ಮತ್ತು ಗೋಲ್ಡೀನ್ ಗ್ಲೇಸರ್ 1953ರಲ್ಲೇ ತೋರಿಸಿದ್ದರು. ಯಾವುದೇ ಅಂಕಗಳ ಸಾಲಿನಲ್ಲಿ ಮೂರು ಸಂಗತಿ ಸೇರಿರುತ್ತವೆ: ಸರಾಸರಿ ಎತ್ತರ, ಹರವು, ಆಕಾರ. ನಮಗೆ ಮುಖ್ಯವಾಗಿ ಬೇಕಾದದ್ದು ಆಕಾರ, ಅಂದರೆ ಯಾವುದು ಮೇಲೆ, ಯಾವುದು ಕೆಳಗೆ ಅನ್ನುವ ಏರಿಳಿತ. ಆದ್ದರಿಂದ ಹೀಗೆ ಮಾಡಿ. ಮೊದಲು ಪ್ರತಿ ಅಧಿಕಾರಿಯ ಎಲ್ಲ ಅಂಕಗಳಿಂದ ಅವರದೇ ಸರಾಸರಿ ಕಳೆದು, ಅವರದೇ ಪ್ರಮಾಣ ವಿಚಲನೆಯಿಂದ (ಅಂಕಗಳು ಸರಾಸರಿಯಿಂದ ಎಷ್ಟು ಚದುರಿವೆ ಅನ್ನುವ ಅಳತೆ) ಭಾಗಿಸಿ. ಪರಿಣತರ ಸರಾಸರಿಗಳಿಗೂ ಹಾಗೇ ಮಾಡಿ. ಆಮೇಲೆ ವ್ಯತ್ಯಾಸ ತೆಗೆಯಿರಿ. ಇದನ್ನು ಇಡೀ ಪರೀಕ್ಷೆಯ ಮೇಲೆ ಮಾಡಿ, ಐದೇ ಆಯ್ಕೆಗಳ ಮೇಲೆ ಬೇಡ. ಎಲ್ಲದಕ್ಕೂ ಒಂದೇ ಅಂಕ ಹಾಕಿದವರ ವಿಚಲನೆ ಸೊನ್ನೆ ಆಗುವುದರಿಂದ ಭಾಗಾಕಾರವೇ ಆಗುವುದಿಲ್ಲ. ಅವರ ಹಾಳೆಯನ್ನು ಉತ್ತರಿಸಿಲ್ಲ ಅಂತಲೇ ಪಕ್ಕಕ್ಕಿಡಿ.

ಹಂತ 8: ಪರೀಕ್ಷೆಯನ್ನೇ ಪರೀಕ್ಷಿಸಿ

ಕನಿಷ್ಠ 100 ಅಧಿಕಾರಿಗಳಾದರೂ ಬರೆಯಲಿ. ಹೆಚ್ಚು ಸಿಕ್ಕರೆ ಇನ್ನೂ ಒಳ್ಳೆಯದು. ಮೊದಲು ಸನ್ನಿವೇಶಗಳು ಒಂದಕ್ಕೊಂದು ಹೊಂದಿಕೊಂಡು ಅಳೆಯುತ್ತಿವೆಯೇ ಅಂತ ನೋಡಿ. ಆಮೇಲೆ ಮೂರು ಪ್ರಶ್ನೆ.

ಅಂಕಕ್ಕೂ ನಿಜವಾದ ನಾಯಕತ್ವಕ್ಕೂ ಸಂಬಂಧ ಇದೆಯಾ? ಇದಕ್ಕೆ ಆ ಅಧಿಕಾರಿಯ ಬಗ್ಗೆ ಮೇಲಿನವರು, ಜೊತೆಯವರು, ಕೈಕೆಳಗಿನವರು ಕೊಟ್ಟ ಮೌಲ್ಯಮಾಪನ ಬೇಕು. ಮೂರನ್ನೂ ಬೇರೆ ಬೇರೆ ಇಡಿ, ಕೂಡಿಸಿ ಒಂದು ಸರಾಸರಿ ಮಾಡಬೇಡಿ. ಅಮೆರಿಕದ ತಂಡ 562 ಅಧಿಕಾರಿಗಳನ್ನು ಪರೀಕ್ಷಿಸಿತು: 368 ಪ್ಲಟೂನ್, 163 ಕಂಪನಿ, 31 ಬೆಟಾಲಿಯನ್. ಪ್ಲಟೂನ್ ಮತ್ತು ಬೆಟಾಲಿಯನ್ ಮಟ್ಟದಲ್ಲಿ ಅಂಕಕ್ಕೆ ತಾಳೆಯಾದದ್ದು ಮೇಲಧಿಕಾರಿಗಳ ಅಭಿಪ್ರಾಯ. ಕಂಪನಿ ಮಟ್ಟದಲ್ಲಿ ಜೊತೆಯವರದ್ದು. ಸಂಬಂಧ ಇತ್ತು, ಆದರೆ ದೊಡ್ಡದಲ್ಲ. ಇಂಥ ಪರೀಕ್ಷೆಯಿಂದ ಅಷ್ಟನ್ನೇ ನಿರೀಕ್ಷಿಸಬೇಕು.

ಬುದ್ಧಿಮತ್ತೆಯ ಪರೀಕ್ಷೆ ಹೇಳುವುದಕ್ಕಿಂತ ಹೊಸದೇನಾದರೂ ಇದು ಹೇಳುತ್ತದೆಯಾ? ಅದಕ್ಕಾಗಿ ಒಂದು ಭಾಷಾ ಸಾಮರ್ಥ್ಯದ ಪರೀಕ್ಷೆಯನ್ನೂ ಜೊತೆಗೆ ಕೊಡಿ. ಹೆಚ್ಚು ಓದುವವರು ಇಲ್ಲಿ ಹೆಚ್ಚು ಅಂಕ ತೆಗೆಯುತ್ತಿದ್ದರೆ, ನೀವು ಅಳೆದದ್ದು ಓದುವ ಶಕ್ತಿಯನ್ನು. ಅಮೆರಿಕದ ಅಧ್ಯಯನದಲ್ಲಿ ಭಾಷಾ ಸಾಮರ್ಥ್ಯದ ಲೆಕ್ಕ ಕಳೆದ ಮೇಲೂ ಸ್ವಲ್ಪ ಹೆಚ್ಚುವರಿ ಮಾಹಿತಿ ಉಳಿಯಿತು. ಆದರೂ ಈ ಅರಿವು ಸಾಮಾನ್ಯ ಬುದ್ಧಿಮತ್ತೆಗಿಂತ ಎಷ್ಟು ಬೇರೆ ಅನ್ನುವ ವಾದ ಮನಶ್ಶಾಸ್ತ್ರಜ್ಞರಲ್ಲಿ ಮುಗಿದಿಲ್ಲ. ಒಂದನ್ನು ಇನ್ನೊಂದರ ಬದಲಿಗೆ ಬಳಸಲು ಹೋಗಬೇಡಿ.

ಸೇವಾವಧಿ ಹೆಚ್ಚಾದಂತೆ ಅಂಕ ಏರುತ್ತದೆಯಾ? ನನಗೆ ತುಂಬಾ ಮುಖ್ಯ ಅನ್ನಿಸುವ ಸಂಗತಿ ಇದು. ಅಮೆರಿಕದ ಅಧ್ಯಯನದಲ್ಲಿ, ಆ ಹುದ್ದೆಯಲ್ಲಿ ಕಳೆದ ತಿಂಗಳುಗಳಿಗೂ ಅಂಕಕ್ಕೂ ಹೇಳಿಕೊಳ್ಳುವಂಥ ಸಂಬಂಧ ಕಾಣಲಿಲ್ಲ. ಒಬ್ಬರು ಒಂದು ವರ್ಷದಲ್ಲಿ ಹತ್ತು ಪಾಠ ಕಲಿಯುತ್ತಾರೆ. ಇನ್ನೊಬ್ಬರು ಮೊದಲ ವರ್ಷವನ್ನೇ ಹತ್ತು ಸಲ ಬದುಕುತ್ತಾರೆ. ನಿಮ್ಮ ಪರೀಕ್ಷೆಯಲ್ಲೂ ಹೀಗೇ ಬಂದರೆ ಗಾಬರಿಯಾಗಿ ಪ್ರಶ್ನೆ ತಿದ್ದಲು ಕೂರಬೇಡಿ. ಪರೀಕ್ಷೆ ಹಾಳಾಗಿದೆ ಅನ್ನುವುದಕ್ಕೆ ಇದೊಂದೇ ಸಾಕ್ಷಿಯಾಗುವುದಿಲ್ಲ.

ಹಂತ 9: ಫಲಿತಾಂಶ ಕೈಗೆ ಕೊಡುವಾಗ

ಒಬ್ಬರ ಬಡ್ತಿಯನ್ನು ಈ ಒಂದು ಅಂಕದ ಮೇಲೆ ನಿರ್ಧರಿಸಬೇಡಿ. ಮೇಲೆ ಹೇಳಿದ ಸಂಬಂಧ ಅಷ್ಟು ಭಾರ ಹೊರುವಂಥದ್ದಲ್ಲ. ಅದಲ್ಲದೆ, ಬಡ್ತಿಗೆ ಬಳಸಿದ ದಿನವೇ ಪ್ರಶ್ನೆಗಳು ಹೊರಗೆ ಹರಿದಾಡಲು ಶುರುವಾಗುತ್ತವೆ. ಬಾಯಿಪಾಠ ಮಾಡಿದ ಅನುಭವ ಅನುಭವವಲ್ಲ.

ಇದರ ನಿಜವಾದ ಜಾಗ ತರಬೇತಿ. ಅಧಿಕಾರಿಗೆ ಒಟ್ಟು ಅಂಕ ಹೇಳಿ ಕಳಿಸಬೇಡಿ. ಅವರು ಪರಿಣತರಿಂದ ತುಂಬಾ ದೂರ ಹೋದ ಎರಡು ಅಥವಾ ಮೂರು ಆಯ್ಕೆಗಳನ್ನು ಮುಂದಿಟ್ಟು, "ಇಲ್ಲಿ ಯಾಕೆ ಹೀಗೆ ಯೋಚಿಸಿದಿರಿ?" ಅಂತ ಕೇಳಿ. ಮೊದಲು ಅವರು ಮಾತಾಡಲಿ. ಆಮೇಲೆ ಪರಿಣತರ "ಏಕೆಂದರೆ" ಓದಿ ಹೇಳಿ. ಕೆಲವೊಮ್ಮೆ ಅಧಿಕಾರಿಯ ಕಾರಣವೇ ಗಟ್ಟಿಯಾಗಿರುತ್ತದೆ. ಪರಿಣತರ ಗುಂಪಿಗೆ ಹೊಳೆಯದ ಪರಿಸ್ಥಿತಿಯನ್ನು ಅವರು ಕಂಡಿರಬಹುದು. ಅದನ್ನು ಬರೆದಿಟ್ಟುಕೊಳ್ಳಿ, ಮುಂದಿನ ಆವೃತ್ತಿಗೆ ಅದು ಹೊಸ ಸನ್ನಿವೇಶ.

ಮುಂದಿನ ಆವೃತ್ತಿ ಬೇಕೇ ಬೇಕು. ಸಲಕರಣೆ ಬದಲಾಗುತ್ತದೆ, ಸೈನಿಕರ ತಲೆಮಾರು ಬದಲಾಗುತ್ತದೆ, ಕಾರ್ಯಾಚರಣೆಯ ರೀತಿ ಬದಲಾಗುತ್ತದೆ. ನಿನ್ನೆಯ ಪರಿಣತರ ಸರಾಸರಿ ಇವತ್ತಿಗೆ ಹಳೆಯ ಅಭ್ಯಾಸವಾಗಿ ಉಳಿದಿರಬಹುದು. ಕೆಲವು ವರ್ಷಕ್ಕೊಮ್ಮೆ ಹೊಸ ಪರಿಣತರಿಂದ ಅಂಕ ಹಾಕಿಸಿ, ಹಳೆಯ ಸರಾಸರಿಗಳ ಪಕ್ಕದಲ್ಲಿಟ್ಟು ನೋಡಿ. ತುಂಬಾ ಸರಿದ ಆಯ್ಕೆಗಳನ್ನು ಗುರುತು ಹಾಕಿ, ಆ ಸನ್ನಿವೇಶಗಳಿಗಾಗಿ ಮತ್ತೆ ಎರಡನೇ ಹಂತದಿಂದ ಶುರು ಮಾಡಿ: ಹೊಸ ಅಧಿಕಾರಿಗಳು, ಹೊಸ ಕಥೆಗಳು.